ಬಿಡಿಭಾಗ ಬದಲಾಯಿಸಿದ ನಂತರ ಗಣಕಯಂತ್ರ ಕೆಲಸ ಮಾಡದಿದ್ದರೆ: ದೋಷಪತ್ತೆಯ ಕ್ರಮ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ

1. ಪಾಠದ ಉದ್ದೇಶ

ಗ್ರಾಮ ಪಂಚಾಯತಿ ಕಚೇರಿಗೆ ಬರುವ ನಾಗರಿಕರ ಬಹುತೇಕ ಕೆಲಸಗಳು ಇಂದು ಗಣಕಯಂತ್ರದ ಮೂಲಕವೇ ಸಾಗಬೇಕಾಗಿದೆ. ಪಂಚತಂತ್ರ 2.0 ತಂತ್ರಾಂಶದ ತೆರಿಗೆ ರಸೀದಿ, ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು, ಉದ್ಯೋಗ ಖಾತರಿಯ ಕೂಲಿ ಹಾಜರಿ ಪಟ್ಟಿ ಇವೆಲ್ಲವೂ ಅದೇ ಮೇಜಿನ ಮೇಲಿನ ಯಂತ್ರವನ್ನು ಅವಲಂಬಿಸಿವೆ. ಆ ಯಂತ್ರ ಒಂದು ದಿನ ನಿಂತರೆ, ಹಾಡವಳ್ಳಿಯಿಂದಲೋ ಸಂತೇಗುಳಿಯಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಹಳೆಯ ಯಂತ್ರ ನಿಧಾನವಾದಾಗ ಅದನ್ನು ಬದಲಿಸದೆ ಕೆಲವು ಬಿಡಿಭಾಗಗಳನ್ನಷ್ಟೇ ಹೊಸದಾಗಿ ಅಳವಡಿಸುವುದು ಮಿತವ್ಯಯದ ಉತ್ತಮ ಕ್ರಮ. 4 ಜಿಬಿ ರ‍್ಯಾಮ್ ಇದ್ದಲ್ಲಿ 8 ಜಿಬಿ ಮಾಡುವುದು, ತಿರುಗುವ ಹಾರ್ಡ್ ಡಿಸ್ಕ್ ಇದ್ದಲ್ಲಿ ಎಸ್‌ಎಸ್‌ಡಿ ಹಾಕುವುದು, ದುರ್ಬಲಗೊಂಡ ಎಸ್‌ಎಂಪಿಎಸ್ ಬದಲಿಸುವುದು ಇವು ಸಾಮಾನ್ಯವಾಗಿ ನಡೆಯುವ ಸುಧಾರಣೆಗಳು. ಆದರೆ ಸುಧಾರಣೆಯಾದ ಮರುದಿನವೇ ಯಂತ್ರ ಏಳದಿರುವುದು, ಪರದೆ ಕಪ್ಪಾಗಿಯೇ ಉಳಿಯುವುದು, ಮುದ್ರಣಯಂತ್ರ ಸ್ಪಂದಿಸದಿರುವುದು ಸಹ ಅಷ್ಟೇ ಸಾಮಾನ್ಯ. ಅಂತಹ ಸಂದರ್ಭದಲ್ಲಿ 'ಯಂತ್ರ ಸಂಪೂರ್ಣ ಹಾಳಾಗಿದೆ, ಹೊಸದನ್ನು ಖರೀದಿಸಬೇಕು' ಎಂಬ ಮಾತು ಸಭೆಯ ಮುಂದೆ ಬರುತ್ತದೆ. ಪರಿಶೀಲಿಸದೆ ಅದನ್ನು ಒಪ್ಪುವುದು 'ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು' ಎಂದಂತೆ ಆಗುತ್ತದೆ.

ಸದಸ್ಯರು ಯಂತ್ರ ದುರಸ್ತಿ ಕಲಿಯಬೇಕೆಂಬುದು ಈ ಪಾಠದ ಆಶಯವಲ್ಲ. ದೋಷವನ್ನು ಕ್ರಮಬದ್ಧವಾಗಿ ಹುಡುಕಲಾಗಿದೆಯೇ ಎಂದು ಸದಸ್ಯರು ತಿಳಿದು ಕೇಳುವಂತಾಗಬೇಕು ಎಂಬುದೇ ಇದರ ಉದ್ದೇಶ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮನೆಯಲ್ಲಿ ಇಟ್ಟುಕೊಂಡಿರುವ ಡೆಸ್ಕ್‌ಟಾಪ್ ಗಣಕಯಂತ್ರಕ್ಕೂ ಇಲ್ಲಿನ ಕ್ರಮವೇ ಅನ್ವಯಿಸುತ್ತದೆ.

2. ಯಂತ್ರ ನಿಂತರೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ

ದೋಷ ಕಂಡಾಗ ಮೊದಲು ಹುಟ್ಟುವ ಆತಂಕ ದಾಖಲೆಗಳ ಕುರಿತಾದುದು. ಈ ವಿಷಯದಲ್ಲಿ ಸ್ಪಷ್ಟತೆ ಇದ್ದರೆ ಅವಸರದ ನಿರ್ಧಾರಗಳು ತಪ್ಪುತ್ತವೆ.

ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳಲ್ಲಿ ದಾಖಲಿಸಿದ ಮಾಹಿತಿಯು ಸರ್ಕಾರದ ಸರ್ವರ್‌ಗಳಲ್ಲಿರುತ್ತದೆ. ಕಚೇರಿಯ ಯಂತ್ರ ಅದನ್ನು ತೋರಿಸುವ ಕಿಟಕಿ ಮಾತ್ರ. ಯಂತ್ರ ಕೆಟ್ಟರೂ ಆ ಮಾಹಿತಿ ಅಳಿಯುವುದಿಲ್ಲ. ಅಂತರಜಾಲವಿರುವ ಮತ್ತೊಂದು ಯಂತ್ರದಿಂದ, ಅಧಿಕೃತ ಲಾಗಿನ್ ಮೂಲಕ ಕೆಲಸ ಮುಂದುವರಿಸಬಹುದು. ಡಿಜಿಟಲ್ ಸಹಿಯ ಗುಪ್ತ ಕೀಲಿಯೂ ಯುಎಸ್‌ಬಿ ಟೋಕನ್ನಿನ ಒಳಗೇ ಇರುತ್ತದೆ, ಯಂತ್ರದೊಳಗಲ್ಲ.

ಆದರೆ ಯಂತ್ರದಲ್ಲಿಯೇ ಬೆರಳಚ್ಚು ಮಾಡಿ ಉಳಿಸಿದ ಪತ್ರಗಳು, ಸಭಾ ನಡವಳಿಯ ಕರಡುಗಳು, ಕಾಮಗಾರಿಗಳ ಛಾಯಾಚಿತ್ರಗಳು, ಎಕ್ಸೆಲ್ ಪಟ್ಟಿಗಳು, ಸ್ಕ್ಯಾನ್ ಮಾಡಿದ ಅರ್ಜಿಗಳು ಹಾರ್ಡ್ ಡಿಸ್ಕ್‌ನಲ್ಲಿ ಮಾತ್ರ ಇರುತ್ತವೆ. ಬೇರೆಡೆ ಪ್ರತಿ ಇಲ್ಲದಿದ್ದರೆ ಡಿಸ್ಕ್‌ನೊಂದಿಗೆ ಅವೂ ಹೋಗುತ್ತವೆ. ಆದುದರಿಂದ ಯಂತ್ರ ಏಳುತ್ತಿಲ್ಲವೆಂಬ ಕಾರಣಕ್ಕೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಒಪ್ಪಬಾರದು. ಫಾರ್ಮ್ಯಾಟ್ ಎಂಬುದು ಕೊನೆಯ ಹೆಜ್ಜೆ. ಅದೂ ಕಡತಗಳ ಪ್ರತಿ ತೆಗೆದ ನಂತರವಷ್ಟೆ.

3. ಮೂಲ ಸೂತ್ರ

ತೋಟದ ಪಂಪ್‌ಸೆಟ್ಟಿಗೆ ಹೊಸ ಪೈಪು ಜೋಡಿಸಿದ ಬಳಿಕ ನೀರು ಏರದಿದ್ದರೆ ಯಾರೂ ಕೂಡಲೇ ಹೊಸ ಮೋಟಾರು ಕೊಳ್ಳುವುದಿಲ್ಲ. ಹೊಸದಾಗಿ ಜೋಡಿಸಿದ ಕಡೆ ಗಾಳಿ ಎಳೆಯುತ್ತಿದೆಯೇ ಎಂದು ಮೊದಲು ನೋಡುತ್ತಾರೆ. ಗಣಕಯಂತ್ರದಲ್ಲಿಯೂ ಇದೇ ವಿವೇಕ ಸಾಕು. ಅದನ್ನು ಮೂರು ಸೂತ್ರಗಳಾಗಿ ಹೇಳಬಹುದು.

ಒಂದನೆಯದು: ಬದಲಾವಣೆಯ ಮೊದಲು ಸರಿಯಾಗಿದ್ದ ಯಂತ್ರ ನಂತರ ಕೆಟ್ಟಿದ್ದರೆ, ಕೊನೆಗೆ ಕೈಯಿಟ್ಟ ಜಾಗದಲ್ಲಿಯೇ ಮೊದಲು ಹುಡುಕಬೇಕು. ಕೈಯಿಟ್ಟ ಜಾಗವೆಂದರೆ ಹೊಸ ಭಾಗ ಮಾತ್ರವಲ್ಲ. ಅದನ್ನು ಹಾಕುವಾಗ ಸರಿಸಿದ ತಂತಿ, ಅಲುಗಿದ ಪಕ್ಕದ ಭಾಗಗಳೂ ಸೇರುತ್ತವೆ.

ಎರಡನೆಯದು: ಹಿಂದಿನ ಸ್ಥಿತಿಗೆ ಮರಳಿ ನೋಡಬೇಕು. ಹೊಸ ಭಾಗವನ್ನು ತೆಗೆದು ಹಳೆಯದನ್ನು ಹಾಕಿದಾಗ ಯಂತ್ರ ಎದ್ದರೆ ಹುಡುಕುವ ಜಾಗ ಬಹಳ ಕಿರಿದಾಗುತ್ತದೆ. ಆಗಲೂ ಏಳದಿದ್ದರೆ ಅಳವಡಿಸುವಾಗ ಬೇರೇನೋ ಸಡಿಲವಾಗಿದೆ ಅಥವಾ ಪೆಟ್ಟಾಗಿದೆ ಎಂದು ತಿಳಿಯಬೇಕು.

ಮೂರನೆಯದು: ಒಂದು ಬಾರಿಗೆ ಒಂದೇ ಬದಲಾವಣೆ. ರ‍್ಯಾಮ್, ಡಿಸ್ಕ್, ಎಸ್‌ಎಂಪಿಎಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ದೋಷ ಯಾವುದರಿಂದ ಬಂತೆಂದು ಹೇಳಲಾಗದು. ಒಂದನ್ನು ಹಾಕಿ, ಯಂತ್ರ ನಡೆಸಿ ನೋಡಿ, ಬರೆದಿಟ್ಟು, ನಂತರ ಮುಂದಿನದಕ್ಕೆ ಹೋಗಬೇಕು.

4. ಬದಲಾವಣೆಗೆ ಮುನ್ನ

ದೋಷಪತ್ತೆಯ ಅರ್ಧ ಕೆಲಸ ಬದಲಾವಣೆಗೆ ಮುನ್ನವೇ ಮುಗಿಯುತ್ತದೆ.

ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕ್‌ಗೆ ತೆಗೆದು, ಆ ಪ್ರತಿಯಿಂದ ಒಂದೆರಡು ಕಡತಗಳನ್ನು ಮತ್ತೊಂದು ಯಂತ್ರದಲ್ಲಿ ತೆರೆದು ಪರೀಕ್ಷಿಸಬೇಕು. ಪೆಟ್ಟಿಗೆಯ ಒಳಗಿನ ತಂತಿಗಳ ಜೋಡಣೆಯನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಎಂಬ ಬೀಗ ಚಾಲ್ತಿಯಲ್ಲಿದ್ದರೆ ಅದರ 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಮುದ್ರಿಸಿ ಕಪಾಟಿನಲ್ಲಿಡಬೇಕು. ಮದರ್‌ಬೋರ್ಡ್ ಅಥವಾ ಬಯೋಸ್ ವ್ಯವಸ್ಥೆ ಬದಲಾದಾಗ ಯಂತ್ರವು ಈ ಸಂಖ್ಯೆಯನ್ನು ಕೇಳಬಹುದು. ಅದು ಇಲ್ಲದಿದ್ದರೆ ಡಿಸ್ಕ್ ಸರಿಯಿದ್ದರೂ ದಾಖಲೆ ಕೈಗೆ ಸಿಗದು.

ಕೊಳ್ಳುವ ಭಾಗ ಯಂತ್ರಕ್ಕೆ ಹೊಂದುತ್ತದೆಯೇ ಎಂಬುದನ್ನು ಆದೇಶ ನೀಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಡಿಡಿಆರ್ 3 ರ‍್ಯಾಮ್‌ಗೆ 240 ಪಿನ್ನುಗಳು, ಡಿಡಿಆರ್ 4ಕ್ಕೆ 288 ಪಿನ್ನುಗಳು. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಬಲವಂತವಾಗಿ ಒತ್ತಿದರೆ ಮದರ್‌ಬೋರ್ಡೇ ಹಾಳಾಗುತ್ತದೆ. ಎಂ.2 ಆಕಾರದ ಎಸ್‌ಎಸ್‌ಡಿಗಳಲ್ಲಿಯೂ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆಗಳಿವೆ. ನೋಟಕ್ಕೆ ಒಂದೇ ತೆರನಾದರೂ ಎಲ್ಲ ಮದರ್‌ಬೋರ್ಡ್‌ಗಳು ಎರಡನ್ನೂ ಒಪ್ಪುವುದಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹದ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಅಂಶವೂ, ಸಂಸ್ಥೆಯ ಪಟ್ಟಿಯಲ್ಲಿರುವ ಪ್ರೊಸೆಸರ್ ಸಹ ಅಗತ್ಯ. ಆದುದರಿಂದ ವಿಂಡೋಸ್ 11 ಹಾಕುವ ಉದ್ದೇಶದಿಂದ ಹಳೆಯ ಯಂತ್ರಕ್ಕೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಕೊಳ್ಳುವ ಪ್ರಸ್ತಾವ ಬಂದರೆ, ಪ್ರೊಸೆಸರ್ ಅರ್ಹವಾಗಿದೆಯೇ ಎಂಬುದು ಮೊದಲ ಪ್ರಶ್ನೆಯಾಗಬೇಕು. ಇಲ್ಲವಾದಲ್ಲಿ ಆ ಉದ್ದೇಶಕ್ಕೆ ಮಾಡಿದ ವೆಚ್ಚ ವ್ಯರ್ಥ.

ಸುರಕ್ಷತೆಯ ಮಾತು: ಪೆಟ್ಟಿಗೆ ತೆರೆಯುವ ಮೊದಲು ವಿದ್ಯುತ್ ಪ್ಲಗ್ ಕಿತ್ತು, ಚಾಲನಾ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಪೆಟ್ಟಿಗೆಯ ಲೋಹದ ಮೈಯನ್ನು ಮುಟ್ಟಿದ ನಂತರವೇ ಒಳಭಾಗಗಳಿಗೆ ಕೈ ಹಾಕಬೇಕು. ಮೈಯಲ್ಲಿರುವ ಸ್ಥಾಯಿ ವಿದ್ಯುತ್ ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

5. ಲಕ್ಷಣ ನೋಡಿ ಕಾರಣ ತಿಳಿಯುವುದು

ವೈದ್ಯರು ಲಕ್ಷಣ ಕೇಳಿ ರೋಗ ಗುರುತಿಸುವಂತೆ ಯಂತ್ರ ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂಬುದನ್ನು ನೋಡಿ ಕಾರಣದ ಕಡೆ ಸಾಗಬಹುದು. ಐದು ಲಕ್ಷಣಗಳನ್ನು ಕೆಳಗೆ ವಿವರಿಸಿದೆ.

ಅ) ಗುಂಡಿ ಒತ್ತಿದರೂ ಯಾವ ಸದ್ದೂ, ದೀಪವೂ ಇಲ್ಲ

ಮೊದಲು ಗೋಡೆಯ ಸ್ವಿಚ್ಚು, ಯುಪಿಎಸ್, ಪವರ್ ಕೇಬಲ್, ಎಸ್‌ಎಂಪಿಎಸ್‌ನ ಹಿಂಭಾಗದ ಪುಟ್ಟ ಸ್ವಿಚ್ಚು ಇವನ್ನು ನೋಡಬೇಕು. ಆ ಪುಟ್ಟ ಸ್ವಿಚ್ಚು ಆರಿದ್ದುದನ್ನು ಗಮನಿಸದೆ ಯಂತ್ರವನ್ನು ಪಟ್ಟಣಕ್ಕೆ ಒಯ್ಯುವುದುಂಟು. ನಂತರ ಒಳಗೆ, ಮದರ್‌ಬೋರ್ಡಿನ 24 ಪಿನ್ನಿನ ದೊಡ್ಡ ಕನೆಕ್ಟರ್ ಪೂರ್ತಿ ಕೂತಿದೆಯೇ, ಪೆಟ್ಟಿಗೆಯ ಚಾಲನಾ ಗುಂಡಿಯಿಂದ ಬರುವ ಸಣ್ಣ ತಂತಿ ಕಳಚಿದೆಯೇ ನೋಡಬೇಕು. ಇವೆಲ್ಲ ಸರಿಯಿದ್ದರೆ ಮಾತ್ರ ಎಸ್‌ಎಂಪಿಎಸ್ ಅನುಮಾನಕ್ಕೆ ಬರುತ್ತದೆ. ಸರಿಯಿರುವ ಮತ್ತೊಂದು ಎಸ್‌ಎಂಪಿಎಸ್ ಜೋಡಿಸಿ ನೋಡುವುದೇ ಅದಕ್ಕೆ ನಿಶ್ಚಿತ ಪರೀಕ್ಷೆ.

ಆ) ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಬಿಡಿಭಾಗ ಬದಲಾವಣೆಯ ನಂತರ ಅತಿ ಹೆಚ್ಚು ಕಾಣುವ ಲಕ್ಷಣವಿದು. ಅತಿ ಸಾಮಾನ್ಯ ಕಾರಣ ರ‍್ಯಾಮ್ ಪೂರ್ತಿ ಕೂರದಿರುವುದು. ಎರಡೂ ತುದಿಗಳ ಕೊಂಡಿ ತಾನಾಗಿ 'ಟಕ್' ಎಂದು ಬೀಳುವವರೆಗೆ ಸಮನಾಗಿ ಒತ್ತಬೇಕು. ಎರಡು ರ‍್ಯಾಮ್ ಇದ್ದರೆ ಒಂದನ್ನು ಮಾತ್ರ ಇಟ್ಟು ನೋಡಬೇಕು, ನಂತರ ಇನ್ನೊಂದನ್ನು. ಒಂದರಲ್ಲಿ ಎದ್ದು ಮತ್ತೊಂದರಲ್ಲಿ ಏಳದಿದ್ದರೆ ಕಾರಣ ಸಿಕ್ಕಿತು. ಎರಡೂ ಬಿಡಿಬಿಡಿಯಾಗಿ ಕೆಲಸ ಮಾಡಿ ಒಟ್ಟಿಗೆ ಮಾಡದಿದ್ದರೆ ಅವು ಪರಸ್ಪರ ಹೊಂದುತ್ತಿಲ್ಲ ಅಥವಾ ಒಂದು ಸ್ಲಾಟ್ ಕೆಟ್ಟಿದೆ. ಹೊಸ ರ‍್ಯಾಮ್ ಹಾಕಿದ ಮೊದಲ ಬಾರಿ ಕೆಲವು ಯಂತ್ರಗಳು ಏಳಲು ಒಂದೆರಡು ನಿಮಿಷ ತೆಗೆದುಕೊಳ್ಳುವುದರಿಂದ ತಕ್ಷಣ ಆರಿಸಬಾರದು.

ಎರಡನೆಯ ಕಾರಣ ಮಾನಿಟರಿನ ಕೇಬಲ್. ಮನೆಯ ಯಂತ್ರಕ್ಕೆ ಮಕ್ಕಳು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ, ಕೇಬಲನ್ನು ಆ ಕಾರ್ಡಿನ ಬಾಯಿಗೇ ಜೋಡಿಸಬೇಕು. ಹಳೆಯ ಅಭ್ಯಾಸದಂತೆ ಮದರ್‌ಬೋರ್ಡಿನ ಬಾಯಿಗೆ ಜೋಡಿಸಿದರೆ ಯಂತ್ರ ಎದ್ದಿದ್ದರೂ ಪರದೆ ಕಪ್ಪಾಗಿ ಕಾಣಬಹುದು. ಮೂರನೆಯದು, ಪ್ರೊಸೆಸರಿಗೆ ವಿದ್ಯುತ್ ನೀಡುವ 4 ಅಥವಾ 8 ಪಿನ್ನಿನ ಪ್ರತ್ಯೇಕ ಕನೆಕ್ಟರ್ ಕಳಚಿರುವುದು. ಆಗಲೂ ಫ್ಯಾನ್ ತಿರುಗುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ.

ಯಂತ್ರ 'ಬೀಪ್' ಎಂದು ಮತ್ತೆ ಮತ್ತೆ ಸದ್ದು ಮಾಡುತ್ತಿದ್ದರೆ ಎಷ್ಟು ಬಾರಿ, ಉದ್ದವೋ ಗಿಡ್ಡವೋ ಎಂದು ಬರೆದುಕೊಳ್ಳಬೇಕು. ಆ ಸದ್ದಿನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆಯಾಗಿದ್ದು, ಮದರ್‌ಬೋರ್ಡಿನ ಕೈಪಿಡಿಯಲ್ಲಿ ಸಿಗುತ್ತದೆ. ತಂತ್ರಜ್ಞರಿಗೆ ಆ ಒಂದು ಟಿಪ್ಪಣಿ ಬಹಳ ಸಮಯ ಉಳಿಸುತ್ತದೆ.

ಇ) ಕಂಪನಿಯ ಹೆಸರು ಬಂದು, ಡಿಸ್ಕ್ ಸಿಗಲಿಲ್ಲವೆಂದು ಯಂತ್ರ ನಿಲ್ಲುತ್ತದೆ

ಇದರ ಅರ್ಥ ರ‍್ಯಾಮ್, ಪ್ರೊಸೆಸರ್, ಮದರ್‌ಬೋರ್ಡ್ ಸರಿಯಿವೆ. ವಿಂಡೋಸ್ ಇರುವ ಡಿಸ್ಕ್ ಯಂತ್ರಕ್ಕೆ ಕಾಣುತ್ತಿಲ್ಲ. ಡಿಸ್ಕ್‌ಗೆ ಎರಡು ಕೇಬಲ್‌ಗಳಿರುತ್ತವೆ: ಒಂದು ವಿದ್ಯುತ್ತಿನದು, ಇನ್ನೊಂದು ಮಾಹಿತಿಯದು. ರ‍್ಯಾಮ್ ಹಾಕುವಾಗ ಕೈ ತಗುಲಿ ಇವುಗಳಲ್ಲೊಂದು ಸಡಿಲಾಗುವುದು ಸಹಜ. ಎರಡನ್ನೂ ಕಿತ್ತು ಮರುಜೋಡಿಸಬೇಕು. ಬಯೋಸ್ ಪುಟದಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಬೇಕು. ಹೆಸರು ಕಂಡರೆ ದೋಷ ಡಿಸ್ಕಿನದಲ್ಲ, ಚಾಲನಾ ಕ್ರಮದ್ದು. ಹೊಸ ಎಸ್‌ಎಸ್‌ಡಿಯನ್ನು ಮೊದಲ ಸ್ಥಾನಕ್ಕೆ ತಂದರೆ ಸಾಕಾಗಬಹುದು.

ಹಳೆಯ ಡಿಸ್ಕಿನ ತದ್ರೂಪು ಪ್ರತಿಯನ್ನು ಎಸ್‌ಎಸ್‌ಡಿಗೆ ಮಾಡಿದ್ದಲ್ಲಿ, ಮೊದಲ ಬಾರಿ ಚಾಲನೆ ಮಾಡುವಾಗ ಹಳೆಯ ಡಿಸ್ಕನ್ನು ಕಳಚಿಡಬೇಕು. ಒಂದೇ ಗುರುತಿನ ಎರಡು ಡಿಸ್ಕುಗಳಿದ್ದರೆ ವಿಂಡೋಸ್ ಒಂದನ್ನು ಬದಿಗಿಡುತ್ತದೆ. ಯಾವುದರಿಂದ ಯಂತ್ರ ಎದ್ದಿದೆ ಎಂಬುದೂ ತಿಳಿಯದಾಗುತ್ತದೆ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿದಾಗ ಸಾಟಾ ಬಾಯಿಗಳಲ್ಲೊಂದು ತಾನಾಗಿ ನಿಷ್ಕ್ರಿಯವಾಗುತ್ತದೆ. ಆಗ ಹಳೆಯ ಡಿಸ್ಕ್ 'ಸತ್ತಂತೆ' ಕಂಡರೂ ಕೇಬಲನ್ನು ಬೇರೆ ಬಾಯಿಗೆ ಬದಲಿಸಿದರೆ ಅದು ಮರಳಿ ಕಾಣುತ್ತದೆ.

ಈ) ಯಂತ್ರ ಎದ್ದು, ಕೆಲಸದ ನಡುವೆ ತಾನಾಗಿ ಆರುತ್ತದೆ

ಇಲ್ಲಿ ಎರಡು ಅನುಮಾನಗಳು: ಬಿಸಿ ಮತ್ತು ವಿದ್ಯುತ್ ಕೊರತೆ. ಪ್ರೊಸೆಸರಿನ ಮೇಲಿನ ಫ್ಯಾನ್ ತಿರುಗುತ್ತಿದೆಯೇ, ಅದನ್ನು ತೆಗೆದು ಹಾಕಿದ್ದರೆ ನಡುವಿನ ಉಷ್ಣವಾಹಕ ಪೇಸ್ಟ್ ಹೊಸದಾಗಿ ಹಚ್ಚಲಾಗಿದೆಯೇ ನೋಡಬೇಕು. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದಲ್ಲಿ, ಸ್ಲಾಟಿನಿಂದ ಅದಕ್ಕೆ ಸಿಗುವುದು ಗರಿಷ್ಠ 75 ವ್ಯಾಟ್ ಮಾತ್ರ. ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ಕನೆಕ್ಟರ್ ಕೊಡಬೇಕು, ಎಸ್‌ಎಂಪಿಎಸ್‌ಗೂ ಅಷ್ಟು ಸಾಮರ್ಥ್ಯವಿರಬೇಕು. ವಿದ್ಯುತ್ ಹೋದ ಕ್ಷಣದಲ್ಲಿ ಮಾತ್ರ ಯಂತ್ರ ಆರುತ್ತಿದ್ದರೆ ದೋಷ ಯುಪಿಎಸ್ ಬ್ಯಾಟರಿಯದು. ಚಿಕ್ಕ ಯುಪಿಎಸ್‌ಗಳ 12 ವೋಲ್ಟ್ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಸೋಲುತ್ತದೆ. ಲೇಸರ್ ಮುದ್ರಣಯಂತ್ರವನ್ನು ಯುಪಿಎಸ್‌ಗೆ ಜೋಡಿಸಬಾರದು. ಅದು ಒಮ್ಮೆಗೇ ಎಳೆಯುವ ವಿದ್ಯುತ್ತನ್ನು ಚಿಕ್ಕ ಯುಪಿಎಸ್ ತಡೆಯದು.

ಉ) ವಿಂಡೋಸ್ ತೆರೆಯುತ್ತದೆ, ಆದರೆ ಕಚೇರಿಯ ಕೆಲಸ ನಡೆಯುವುದಿಲ್ಲ

ಯಂತ್ರ ಸರಿಯಾಯಿತೆಂದು ತಂತ್ರಜ್ಞರು ಹೊರಟ ನಂತರ ಕಾಣಿಸಿಕೊಳ್ಳುವ ದೋಷಗಳಿವು. ಸಾರ್ವಜನಿಕರಿಗೆ ಹೆಚ್ಚು ತೊಂದರೆ ಕೊಡುವವೂ ಇವೇ.

*ದಿನಾಂಕ:* ಮದರ್‌ಬೋರ್ಡಿನಲ್ಲಿ ಸಿಆರ್ 2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಇರುತ್ತದೆ. ಅದು ಮುಗಿದಿದ್ದರೆ ಅಥವಾ ಕೆಲಸದ ವೇಳೆ ತೆಗೆದಿದ್ದರೆ ಯಂತ್ರದ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದ್ದರೆ ಸರ್ಕಾರಿ ಜಾಲತಾಣಗಳು 'ಸುರಕ್ಷಿತವಲ್ಲ' ಎಂದು ತೆರೆಯದಿರಬಹುದು. ಡಿಜಿಟಲ್ ಸಹಿಯೂ ಸಿಂಧುವಲ್ಲವೆಂದು ತಿರಸ್ಕೃತವಾಗಬಹುದು. 'ಸರ್ವರ್ ಇಲ್ಲ' ಎಂದು ಅರ್ಜಿದಾರರನ್ನು ಮರಳಿ ಕಳುಹಿಸುವ ಮೊದಲು ಪರದೆಯ ಮೂಲೆಯ ದಿನಾಂಕ ಮತ್ತು ವೇಳೆಯನ್ನು ಒಮ್ಮೆ ನೋಡಬೇಕು. ದಿನಾಂಕ ಪ್ರತಿ ಬೆಳಿಗ್ಗೆ ತಪ್ಪುತ್ತಿದ್ದರೆ, ಅಲ್ಪ ಬೆಲೆಯ ಆ ಸೆಲ್ ಬದಲಿಸಿದರೆ ಸಾಕು.

*ಉಪಕರಣಗಳು:* ಹೊಸ ಎಸ್‌ಎಸ್‌ಡಿಯಲ್ಲಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಿದ್ದರೆ ಮುದ್ರಣಯಂತ್ರ, ಸ್ಕ್ಯಾನರ್, ಬೆರಳಚ್ಚು ಗುರುತಿನ ಸಾಧನ, ಡಿಜಿಟಲ್ ಸಹಿಯ ಟೋಕನ್ ಇವುಗಳ ಚಾಲಕ ತಂತ್ರಾಂಶಗಳನ್ನು ಒಂದೊಂದಾಗಿ ಮತ್ತೆ ಹಾಕಬೇಕು. ಯಾವ ಸಾಧನಕ್ಕೆ ಯಾವುದು ಬೇಕೆಂಬ ಪಟ್ಟಿ ಮೊದಲೇ ಸಿದ್ಧವಿದ್ದರೆ ಈ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯದು.

*ಕನ್ನಡ ಅಕ್ಷರಗಳು:* ಹಳೆಯ ನಡವಳಿಗಳು ಮತ್ತು ಪತ್ರಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಂಡರೆ ಕಡತ ಹಾಳಾಗಿದೆಯೆಂದು ತಿಳಿಯಬಾರದು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಕಡತಗಳು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಹಾಗೆಯೇ ಕಾಣುತ್ತವೆ. ನುಡಿ ತಂತ್ರಾಂಶವನ್ನು ಮರುಸ್ಥಾಪಿಸಿದರೆ ಅಕ್ಷರಗಳು ಮರಳುತ್ತವೆ. ಮುಂದಿನ ಕಡತಗಳನ್ನು ಯೂನಿಕೋಡ್‌ನಲ್ಲಿ ಬರೆದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

*ರ‍್ಯಾಮ್ ಪೂರ್ತಿ ಕಾಣದಿರುವುದು:* 8 ಜಿಬಿ ಹಾಕಿದ್ದರೂ ಯಂತ್ರ 4 ಜಿಬಿಗಿಂತ ಕಡಿಮೆ ಮಾತ್ರ ಬಳಸುತ್ತಿದ್ದರೆ, ಅದರಲ್ಲಿರುವುದು 32 ಬಿಟ್ ವಿಂಡೋಸ್ ಆಗಿರಬಹುದು. ಅದು 4 ಜಿಬಿಗಿಂತ ಹೆಚ್ಚಿನದನ್ನು ಬಳಸಲಾರದು. ರ‍್ಯಾಮ್ ಸರಬರಾಜುದಾರರ ತಪ್ಪೆಂದು ದೂರುವ ಮೊದಲು ಇದನ್ನು ನೋಡಬೇಕು.

6. ಕರಾವಳಿಯ ಯಂತ್ರಗಳಿಗೆ ಹೆಚ್ಚಿನ ಎಚ್ಚರ

ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಇಲ್ಲದ ಕೆಲವು ತೊಡಕುಗಳು ನಮ್ಮ ಮೂರು ತಾಲ್ಲೂಕುಗಳಿಗಿವೆ. ಮಾವಿನಕುರ್ವೆ, ಕಾಸರಕೋಡು, ಗೋಕರ್ಣದಂತಹ ಕಡಲಂಚಿನ ಊರುಗಳಲ್ಲಿ ಗಾಳಿಯಲ್ಲಿಯೇ ಉಪ್ಪಿನ ಅಂಶವಿದೆ. ಉಪ್ಪು ಮತ್ತು ತೇವ ಸೇರಿದಾಗ ಲೋಹದ ಸಂಪರ್ಕಗಳ ಮೇಲೆ ಕಿಲುಬು ಕಟ್ಟುತ್ತದೆ. ಹಲವು ವರ್ಷ ಅಲುಗದೆ ಕೂತಿದ್ದ ಹಳೆಯ ರ‍್ಯಾಮನ್ನು ಒಮ್ಮೆ ತೆಗೆದು ಹಾಕಿದರೆ, ಆ ಕಿಲುಬಿನಿಂದಾಗಿ ಸಂಪರ್ಕ ತಪ್ಪಬಹುದು. ಹೊಸ ಭಾಗ ಹಾಕಿದ ನಂತರ ಹಳೆಯ ಭಾಗ ಕೆಟ್ಟಂತೆ ತೋರುವುದಕ್ಕೆ ಇದೂ ಒಂದು ಕಾರಣ. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಕೂರಿಸಬೇಕು. ಉಪ್ಪುಕಾಗದದಿಂದ ಉಜ್ಜಬಾರದು, ಮೇಲಿನ ಲೇಪವೇ ಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಯಂತ್ರವನ್ನು ದಿನಗಟ್ಟಲೆ ಆರಿಸಿಡುವುದಕ್ಕಿಂತ ಪ್ರತಿದಿನ ಸ್ವಲ್ಪ ಹೊತ್ತು ಚಾಲನೆಯಲ್ಲಿಡುವುದು ಒಳಿತು. ಒಳಗಿನ ಬಿಸಿಗೆ ತೇವ ಆರುತ್ತದೆ. ಕಿಟಕಿಯ ಕೆಳಗೆ, ಸೋರುವ ಮಾಡಿನ ಕೆಳಗೆ, ನೆಲದ ಮೇಲೆ ಪೆಟ್ಟಿಗೆ ಇಡಬಾರದು. ಮಳೆಯಲ್ಲಿ ಸಾಗಿಸಿ ತಂದ ಯಂತ್ರವನ್ನು ಒಡನೆಯೇ ಚಾಲನೆ ಮಾಡದೆ ಕೆಲವು ಗಂಟೆ ಒಣಗಲು ಬಿಡಬೇಕು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸಿನಲ್ಲೋ ರಿಕ್ಷಾದಲ್ಲೋ ಕುಲುಕುತ್ತಾ ಬಂದ ಯಂತ್ರದ ಒಳಗೆ ಕೇಬಲ್, ರ‍್ಯಾಮ್, ಕಾರ್ಡುಗಳು ಮತ್ತೆ ಸಡಿಲವಾಗಿರಬಹುದು. ಅಂಗಡಿಯಲ್ಲಿ ನಡೆದ ಯಂತ್ರ ಕಚೇರಿಯಲ್ಲಿ ನಡೆಯದಿದ್ದರೆ ಮೊದಲು ಇವನ್ನೇ ಒತ್ತಿ ನೋಡಬೇಕು.

ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಮತ್ತು ಮಳೆಗಾಲದ ನಂತರದ ಅಕ್ಟೋಬರಿನಲ್ಲಿ ಸಿಡಿಲಿನ ಹಾವಳಿ ಹೆಚ್ಚು. ಸಂಜೆ ಕಚೇರಿ ಮುಚ್ಚುವಾಗ ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ ಕೀಳಬೇಕು, ಅಂತರಜಾಲದ ಕೇಬಲನ್ನೂ ಯಂತ್ರದಿಂದ ತೆಗೆಯಬೇಕು. ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಭೂಸಂಪರ್ಕ ಸರಿಯಿಲ್ಲ. ಚಿರೆಕಲ್ಲಿನ ನೆಲದಲ್ಲಿ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ತೇವ ಬೇಗ ಆರುವುದರಿಂದ ವರ್ಷಕ್ಕೊಮ್ಮೆಯಾದರೂ ಅದನ್ನು ಪರೀಕ್ಷಿಸಬೇಕು. ಭೂಸಂಪರ್ಕ ಸರಿಯಿಲ್ಲದ ಕಚೇರಿಯಲ್ಲಿ ಎಷ್ಟು ಹೊಸ ಭಾಗ ಹಾಕಿದರೂ ಅವು ಬಾಳುವ ಭರವಸೆಯಿಲ್ಲ.

7. ಒಂದು ಮಾದರಿ ಸಂದರ್ಭ

ಹೀಗೆ ಊಹಿಸೋಣ. ಒಂದು ಗ್ರಾಮ ಪಂಚಾಯತಿಯ ಯಂತ್ರಕ್ಕೆ ಶನಿವಾರ 4 ಜಿಬಿಯ ಇನ್ನೊಂದು ರ‍್ಯಾಮ್ ಮತ್ತು ಒಂದು ಎಸ್‌ಎಸ್‌ಡಿ ಹಾಕಲಾಯಿತು. ಸೋಮವಾರ ಬೆಳಿಗ್ಗೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಹತ್ತು ಮಂದಿ ಅರ್ಜಿದಾರರು ಕಾಯುತ್ತಿದ್ದಾರೆ.

ಮೊದಲ ಹೆಜ್ಜೆ ನಾಗರಿಕರದು: ಸಿಬ್ಬಂದಿ ಅರ್ಜಿಗಳನ್ನು ಕೈಯಲ್ಲಿ ಸ್ವೀಕರಿಸಿ ಸ್ವೀಕೃತಿ ನೀಡುತ್ತಾರೆ, ತುರ್ತಿನವನ್ನು ಕಚೇರಿಯ ಮತ್ತೊಂದು ಯಂತ್ರದಲ್ಲಿ ಮಾಡುತ್ತಾರೆ. ಎರಡನೆಯ ಹೆಜ್ಜೆ ಯಂತ್ರದ್ದು: ಪ್ಲಗ್ ಕಿತ್ತು ಹೊಸ ರ‍್ಯಾಮ್ ಮಾತ್ರ ತೆಗೆಯುತ್ತಾರೆ. ಯಂತ್ರ ಎದ್ದು, ಡಿಸ್ಕ್ ಇಲ್ಲವೆಂದು ನಿಲ್ಲುತ್ತದೆ. ಅಂದರೆ ಇಲ್ಲಿ ದೋಷ ಒಂದಲ್ಲ, ಎರಡು. ಎಸ್‌ಎಸ್‌ಡಿಯ ಕೇಬಲ್ ನೋಡಿದಾಗ ಸಡಿಲವಿದೆ. ಒತ್ತಿದಾಗ ವಿಂಡೋಸ್ ತೆರೆಯುತ್ತದೆ. ನಂತರ ಹೊಸ ರ‍್ಯಾಮನ್ನು ಬೇರೆ ಸ್ಲಾಟಿನಲ್ಲಿ ಕೊಂಡಿ ಬೀಳುವವರೆಗೆ ಒತ್ತಿ ಕೂರಿಸಿದಾಗ 8 ಜಿಬಿ ಕಾಣುತ್ತದೆ. ಹೊಸ ಖರ್ಚು ಏನೂ ಇಲ್ಲ.

ಇದೇ ಸಂದರ್ಭದಲ್ಲಿ ಎರಡು ಭಾಗಗಳನ್ನೂ ಒಮ್ಮೆಗೇ ತೆಗೆದು ಹಾಕುತ್ತಾ ಹೋಗಿದ್ದರೆ ಎರಡು ದೋಷಗಳು ಒಂದರೊಳಗೊಂದು ಅಡಗಿ, ಮದರ್‌ಬೋರ್ಡ್ ಹೋಯಿತೆಂಬ ತೀರ್ಮಾನಕ್ಕೆ ಬರುವ ಸಾಧ್ಯತೆಯಿತ್ತು. ಮೊದಲ ದಿನವೇ ಒಂದನ್ನು ಹಾಕಿ ನೋಡಿ, ಆಮೇಲೆ ಇನ್ನೊಂದನ್ನು ಹಾಕಿದ್ದರೆ ಸೋಮವಾರದ ತೊಂದರೆಯೇ ಇರುತ್ತಿರಲಿಲ್ಲ.

8. ಸಭೆಯಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಹೊಸ ಯಂತ್ರ ಖರೀದಿ ಅಥವಾ ದೊಡ್ಡ ದುರಸ್ತಿಯ ವಿಷಯ ಸಾಮಾನ್ಯ ಸಭೆಗೆ ಬಂದಾಗ ಈ ಕೆಳಗಿನವನ್ನು ಕೇಳಿ, ಉತ್ತರವನ್ನು ನಡವಳಿಯಲ್ಲಿ ದಾಖಲಿಸುವುದು ಸೂಕ್ತ.

1. ದೋಷ ಕಾಣುವ ಮೊದಲು ಕೊನೆಯದಾಗಿ ಯಾವ ಭಾಗ ಬದಲಾಯಿತು? ಯಾವ ದಿನ? ಯಾರಿಂದ?
2. ಹಳೆಯ ಭಾಗವನ್ನು ಮರಳಿ ಹಾಕಿ ನೋಡಲಾಗಿದೆಯೇ? ಫಲಿತಾಂಶವೇನು?
3. ಕೆಟ್ಟಿದೆ ಎನ್ನಲಾದ ಭಾಗವನ್ನು ಸರಿಯಿರುವ ಮತ್ತೊಂದು ಯಂತ್ರದಲ್ಲಿ ಹಾಕಿ ಪರೀಕ್ಷಿಸಲಾಗಿದೆಯೇ?
4. ಹೊಸ ಭಾಗ ಖಾತರಿ ಅವಧಿಯಲ್ಲಿದೆಯೇ? ಬಿಲ್ಲು ಮತ್ತು ಕ್ರಮಸಂಖ್ಯೆ ಕಡತದಲ್ಲಿದೆಯೇ?
5. ಕಡತಗಳ ಪ್ರತಿ ಇದೆಯೇ? ಕೊನೆಯ ಪ್ರತಿ ಯಾವ ದಿನಾಂಕದ್ದು?
6. ಯಂತ್ರ ನಿಂತ ದಿನಗಳಲ್ಲಿ ಅರ್ಜಿದಾರರಿಗೆ ಯಾವ ವ್ಯವಸ್ಥೆ ಮಾಡಲಾಯಿತು?

ಈ ಪ್ರಶ್ನೆಗಳು ಡಾಟಾ ಎಂಟ್ರಿ ಆಪರೇಟರ್ ಅವರನ್ನಾಗಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರನ್ನಾಗಲಿ ದೂರುವುದಕ್ಕಲ್ಲ. ಯಂತ್ರದ ಮುಂದೆ ದಿನವಿಡೀ ಕೂರುವ ಸಿಬ್ಬಂದಿಯೇ ಅದರ ಲಕ್ಷಣಗಳನ್ನು ಚೆನ್ನಾಗಿ ಬಲ್ಲವರು. ಅವರು ಹೇಳಿದ್ದನ್ನು ಬರೆದಿಡಲು ಒಂದು ವಹಿ ಇದ್ದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ದಿನಾಂಕ, ಮಾಡಿದ ಬದಲಾವಣೆ, ಕಂಡ ಲಕ್ಷಣ, ಕೈಗೊಂಡ ಕ್ರಮ, ಫಲಿತಾಂಶ ಎಂಬ ಐದು ಅಂಕಣಗಳ ಸಾದಾ ಪುಸ್ತಕ ಸಾಕು. ಈ ಪರಿಶೀಲನೆಯ ನಂತರವೂ ಹೊಸ ಯಂತ್ರ ಬೇಕೇಬೇಕೆಂದು ಕಂಡುಬಂದರೆ ನಿಯಮಾನುಸಾರ ಖರೀದಿಗೆ ಹಿಂಜರಿಯಬೇಕಿಲ್ಲ. ಆಗ ಅದಕ್ಕೆ ಲಿಖಿತ ಆಧಾರವಿರುತ್ತದೆ.

9. ತೆಗೆದ ಭಾಗಗಳ ವಿಲೇವಾರಿ

ತೆಗೆದ ಹಳೆಯ ಡಿಸ್ಕ್, ರ‍್ಯಾಮ್, ಎಸ್‌ಎಂಪಿಎಸ್ ಪಂಚಾಯತಿಯ ಆಸ್ತಿ. ಅವು ದಾಸ್ತಾನು ವಹಿಯಲ್ಲಿ ದಾಖಲಾಗಬೇಕೇ ಹೊರತು ದುರಸ್ತಿಗೆ ಬಂದವರ ಚೀಲ ಸೇರಬಾರದು. ಹೊಸ ವ್ಯವಸ್ಥೆ ಕನಿಷ್ಠ ಒಂದು ತಿಂಗಳು ತೊಂದರೆಯಿಲ್ಲದೆ ನಡೆಯುವವರೆಗೆ ಹಳೆಯ ಡಿಸ್ಕನ್ನು ಹಾಗೆಯೇ ಜೋಪಾನ ಮಾಡಬೇಕು.

ಹಳೆಯ ಡಿಸ್ಕಿನಲ್ಲಿ ಗ್ರಾಮಸ್ಥರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ಛಾಯಾಚಿತ್ರಗಳು ಇರುತ್ತವೆ. ಕಡತ ಅಳಿಸಿದರೆ ಅಥವಾ ಬೇಗನೆ ಫಾರ್ಮ್ಯಾಟ್ ಮಾಡಿದರೆ ಅವು ನಿಜವಾಗಿ ಅಳಿಯುವುದಿಲ್ಲ; ತಿಳಿದವರು ಮರಳಿ ತೆಗೆಯಬಲ್ಲರು. ಆದುದರಿಂದ ಡಿಸ್ಕನ್ನು ಪೂರ್ತಿ ಮೇಲ್ಬರಹದಿಂದ ಅಳಿಸಿ ಅಥವಾ ಭೌತಿಕವಾಗಿ ನಾಶಪಡಿಸಿ ವಿಲೇವಾರಿ ಮಾಡಬೇಕು. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಇಂತಹ ತ್ಯಾಜ್ಯವು ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು. ಗುಜರಿಗೆ ಮಾರುವುದು, ಕಚೇರಿಯ ಹಿಂದೆ ಸುಡುವುದು, ನದಿ ದಂಡೆಗೆ ಎಸೆಯುವುದು ಸಲ್ಲದು. ಶರಾವತಿ, ಅಘನಾಶಿನಿಯ ಅಳಿವೆಗಳಲ್ಲಿ ಮೀನು, ಬಳಚು ಹಿಡಿದು ಬದುಕುವ ಕುಟುಂಬಗಳಿವೆ ಎಂಬುದು ನೆನಪಿರಲಿ.

10. ಸ್ವಯಂ ಅಭ್ಯಾಸ

ಸದಸ್ಯರು ಮುಂದಿನ ಸಭೆಗೆ ಮುನ್ನ ತಮ್ಮ ಪಂಚಾಯತಿ ಕಚೇರಿಗೆ ಭೇಟಿ ನೀಡಿ ಈ ಕೆಳಗಿನವನ್ನು ಗಮನಿಸಬಹುದು.

1. ಕಚೇರಿಯ ಪ್ರತಿ ಯಂತ್ರದಲ್ಲಿ ಎಷ್ಟು ರ‍್ಯಾಮ್ ಇದೆ, ಡಿಸ್ಕ್ ಯಾವ ಬಗೆಯದು, ವಿಂಡೋಸ್ ಯಾವ ಆವೃತ್ತಿಯದು?
2. ಪರದೆಯ ಮೇಲಿನ ದಿನಾಂಕ ಮತ್ತು ವೇಳೆ ಸರಿಯಾಗಿವೆಯೇ?
3. ಯುಪಿಎಸ್ ಬ್ಯಾಟರಿ ಬದಲಿಸಿದ ದಿನಾಂಕ ಎಲ್ಲಾದರೂ ಬರೆದಿದೆಯೇ?
4. ಕಡತಗಳ ಪ್ರತಿ ಎಲ್ಲಿದೆ? ಅದನ್ನು ತೆರೆದು ನೋಡಿದ್ದು ಯಾವಾಗ?
5. ದುರಸ್ತಿ ವಹಿ ಇದೆಯೇ? ಇಲ್ಲದಿದ್ದರೆ ಯಾವ ದಿನದಿಂದ ಆರಂಭಿಸಲಾಗುವುದು?

ಐದಕ್ಕೂ ಉತ್ತರ ದೊರೆತ ಕಚೇರಿಯಲ್ಲಿ ಯಂತ್ರ ಕೆಟ್ಟರೂ ಕೆಲಸ ಬಹುಕಾಲ ನಿಲ್ಲುವುದಿಲ್ಲ. ಉತ್ತರ ದೊರೆಯದ ಕಡೆ ಮೊದಲ ಕೆಲಸ ವಹಿ ತೆರೆಯುವುದು, ಎರಡನೆಯದು ಕಡತಗಳ ಪ್ರತಿ ತೆಗೆಯುವುದು. ಹೊಸ ಬಿಡಿಭಾಗದ ಮಾತು ಅದರ ನಂತರ.